ವೈರ್ ಪ್ಲಗ್ಗಿಗಿ ಮುಗಿಯಂಗಿಲ್ಲ

ಶ್ರಾವಣದಾಗ ಮುಟ್ಟಿದ್ರ ಝುಂ ಅನ್ನೋ ಆಂಪ್, ಅಂದ್ರ ಹಾಡಿನ ಆಂಪ್ಲಿಫೈಯರ್, ಚೈತ್ರದಾಗ ಗಪ್ ಕೂತಿರ್ತದ. ಅದೇ ಆಂಪ್, ಅದೇ ವೈರ್, ಅದೇ ಸ್ವಿಚ್ ಬೋರ್ಡ್. ಜಿಟಿಜಿಟಿ ಮಳಿ ಹಿಡ್ಕೊಂಡು ಮನ್ಯಾಗಿನ ಶಹಾಬಾದ್ ಫರ್ಸಿ ಬೆವರಿರ್ತದಲ್ಲ, ಆವಾಗ ಬರಿಗಾಲಿಲೆ ನಿಂತು ಆಂಪಿನ ಲೋಹದ ಡಬ್ಬಿ, ಚಾಸಿ ಅಂತಾರಲ್ಲ, ಅದರ ಮ್ಯಾಲ ಬೆರಳಿನ ಹಿಂಭಾಗ ಹಗೂರಕ ಸರಿಸಿದ್ರ ನುಣ್ಣಗಿರೋ ಲೋಹ ಒಮ್ಮೆಲೇ ಖರಖರ ಅನಸ್ತದ. ಬ್ಯಾಸಿಗ್ಯಾಗ, 42 ಡಿಗ್ರಿ ಬಿಸಿಲಿಗಿ ಫರ್ಸಿ ಒಣಗಿ ಕಾದಿರ್ತದ, ಆವಾಗ ಎಷ್ಟ್ ಮುಟ್ಟಿದ್ರೂ ಏನೂ ಇಲ್ಲ. ಜಮಖಾನಾ ಮ್ಯಾಲ ನಿಂತ್ರಂತೂ ಮಳಿಗಾಲದಾಗೂ ಇಲ್ಲ. ಮನಿಗಿ ಬಂದವರು "ಏನ್ರಿ ಸರ, ಕರೆಂಟ್ ಹೊಡೀಲಿಕತ್ತದಲ್ಲ" ಅಂದ್ರ ಈ ಹಳೀ ಆಂಪ್ ಇಟ್ಕೊಂಡವರೆಲ್ಲಾ ಕೊಡೋ ಉತ್ತರ ಒಂದೇ, "ವಾಲ್ವ್ ಸೆಟ್ ರೀ, ಹಂಗೇ ಇರ್ತದ." ವಾಲ್ವ್ ಅಂದ್ರ ಟ್ರಾನ್ಸಿಸ್ಟರಿನ ಮುಂಚಿನ ಕಾಲದ ಗಾಜಿನ ಕೊಳವಿ. ಈ "ಹಂಗೇ ಇರ್ತದ" ಅನ್ನೋ ಮಾತು ನನಗ ಭಾಳ ದಿನದಿಂದ ಕೊರೀಲಿಕತ್ತದ. ಹಂಗೇ ಯಾಕಿರ್ಬೇಕು? ಝುಂ ಅನ್ನೋದು ಆಂಪಿಂದೋ, ಮನೀದೋ, ನೆಲದ್ದೋ? ಮಳಿ ಬಂದ್ರ ಹೆಚ್ಚಾಗೋದು, ಒಣಗಿದ್ರ ಕಡಿಮಿ ಆಗೋದು ಅಂದ್ರ ಆ ಸರ್ಕ್ಯೂಟಿನಾಗ ನನ್ನ ಕಾಲು, ಫರ್ಸಿ, ಅದರ ಕೆಳಗಿನ ಎರಿ ಮಣ್ಣು ಎಲ್ಲಾ ಬಂದವ ಅಂತ ಆಯ್ತಲ್ಲ.

ನನ್ನ ಕಡಿ ಇರೋದು ಡೈನಾಕೊ ಸ್ಟೀರಿಯೊ 70. ಈ ಹುಚ್ಚು ಇರೋರಿಗಿ ಅದರ ಬಗ್ಗೆ ಹೇಳೋದೇ ಬ್ಯಾಡ, ಫಿಲಡೆಲ್ಫಿಯಾದಾಗ ಡೇವಿಡ್ ಹಾಫ್ಲರನ ಕಂಪನಿ 1959ರಾಗ ಹೊರಗ ತಂದದ್ದು, ನಾಕು ಇಎಲ್34 ವಾಲ್ವ್, ಎಸಿನ ಡಿಸಿ ಮಾಡ್ಲಿಕ್ಕ ಒಂದು ಜಿಝಡ್34 ರೆಕ್ಟಿಫೈಯರ್, ಚಾನಲ್ಲಿಗಿ 35 ವಾಟ್. ನಮ್ಮೂರ ಹಿರಿ ಡಾಕ್ಟರ್ ಒಬ್ರು ಓದ್ಲಿಕ್ಕಂತ ಅಮೆರಿಕಕ್ಕ ಹೋದಾಗ ತಗೊಂಡು, ತಿರುಗಿ ಬರೋಮುಂದ ಹಡಗಿನಾಗ ಹಾಕಿಸ್ಕೊಂಡು ಬಂದಿದ್ರು. ಅವರ ಮಕ್ಕಳಿಗಿ ಬ್ಯಾಡಾಗಿ ನನ್ನ ಹತ್ರ ಬಂತು. ಬಂದಾಗ ಹಿಂದ ಜೋತಾಡ್ಲಿಕತ್ತಿದ್ದದ್ದು ಕಂದು ಬಣ್ಣದ ಚಪ್ಪಟಿ ಟೂ ಕೋರ್ ವೈರ್, ತುದಿಗಿ ಅಮೆರಿಕದ ಚಪ್ಪಟಿ ಪಿನ್ನು, ಅದರ ಮುಂದ ಒಂದು ಅಡಾಪ್ಟರ್, ಅದರ ಮುಂದ 230 ವೋಲ್ಟ್ 110ಕ್ಕ ಇಳಿಸೋ ಸ್ಟೆಪ್‌ಡೌನ್ ಡಬ್ಬಿ, ಅದರ ಮುಂದ ನಮ್ಮ ಟೂ ಪಿನ್ನು. ಮೂರನೇ ವೈರ್, ಅಂದ್ರ ಸೋರಿದ ಕರೆಂಟನ್ನ ಮಣ್ಣಿಗಿ ಒಯ್ಯೋ ಅರ್ಥ್, ಅನ್ನೋದು ಎಲ್ಲೂ ಇಲ್ಲ. ಇಷ್ಟೆಲ್ಲಾ ದಾಟಿ ಕರೆಂಟ್ ಒಳಗ ಹೋಗ್ತದ, ಮತ್ತ ನಾವು ಕೂತು ವಾಲ್ವ್ ಯಾವ ಕಂಪನೀದು ಅಂತ ಮಾತಾಡ್ತೀವಿ.

ಝುಂ ಅಂದ್ರ ಎಷ್ಟು

ಟೂ ಪಿನ್ನಿಗಿ ಎಡ ಬಲ ಅನ್ನೋದಿಲ್ಲ. ಹಿಂಗ ಹಾಕಿದ್ರ ಫೇಜ್ ಈ ಕಡಿ, ಉಲ್ಟಾ ಹಾಕಿದ್ರ ಆ ಕಡಿ. ಒಂದು ಕಡಿ ಹಾಕಿದ್ರ ಝುಂ ಜಾಸ್ತಿ, ಇನ್ನೊಂದು ಕಡಿ ಹಾಕಿದ್ರ ಕಡಿಮಿ, ಇದು ಎಲ್ಲಾರ್ಗೂ ಗೊತ್ತಿದ್ದದ್ದೇ. ಪವರ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಸುತ್ತಿಗೂ ಕಬ್ಬಿಣಕ್ಕೂ ನಡುವ ಇರೋದು ಬರೀ ಕಾಗದ ಮತ್ತ ವಾರ್ನಿಷ್, ಅಲ್ಲಿ ಒಂದಿಷ್ಟು ಕೆಪಾಸಿಟನ್ಸ್ (ಚಾರ್ಜ್ ಹಿಡಿಯೋ ಗುಣ) ಹುಟ್ಟೇ ಹುಟ್ತದ, ಅದರೊಳಗಿಂದ ಎಸಿ ಸ್ವಲ್ಪ ಸೋರ್ತದ. ಒಂದು ಸಾವಿರ ಪಿಕೊಫ್ಯಾರಡ್ ಅಂತ ಹಿಡೀರಿ, 230 ವೋಲ್ಟ್ 50 ಹರ್ಟ್ಸಿಗಿ ಸೋರೋದು 0.07 ಮಿಲಿ ಆಂಪ್. ಟೆಸ್ಟರ್ ಹತ್ಲಿಕ್ಕ ಇಷ್ಟು ಸಾಕು, ಬೆರಳಿಗಿ ಖರಖರ ಅನಸ್ಲಿಕ್ಕೂ ಸಾಕು, ಜೀವಕ್ಕೇನೂ ಆಗಂಗಿಲ್ಲ. "ಹಂಗೇ ಇರ್ತದ" ಅನ್ನೋರ ಮಾತು ಇಲ್ಲೀತನಕ ಖರೇ.

ತೊಂದ್ರಿ ಎಲ್ಲದ ಅಂದ್ರ, 60 ವರ್ಷ ಕಾದು ಆರಿ ಕಾದು ಆರಿ ಆ ಕಾಗದ ಸುಟ್ಟು ಸೋರಿಕಿ ಹತ್ತು ಪಟ್ಟು ಇಪ್ಪತ್ತು ಪಟ್ಟು ಆಗಿದ್ರೂ ಟೆಸ್ಟರ್ ಹತ್ತೋದು ಅಷ್ಟೇ ಕೆಂಪಗ. ಮೀಟರ್ ಹಚ್ಚಿ ಚಾಸಿಗೂ ಅರ್ಥಿಗೂ ನಡುವ ನೋಡಿದ್ರ 90 ವೋಲ್ಟ್ ತೋರಸ್ತದ, ಅದನ್ನೂ ನಂಬ್ಲಿಕ್ಕ ಬರಂಗಿಲ್ಲ, ಯಾಕಂದ್ರ ಡಿಜಿಟಲ್ ಮೀಟರ್ ಕರೆಂಟ್ ಎಳ್ಕೊಳ್ಳೋದೇ ಇಲ್ಲ, ಗಾಳ್ಯಾಗಿನ ವೋಲ್ಟೇಜನ್ನೂ ತೋರಸ್ತದ. ನಾ ಮಾಡೋದು ಏನಂದ್ರ ಮೀಟರಿನ ಎರಡೂ ಕಡ್ಡಿಗಿ ಅಡ್ಡ ಒಂದು 10 ಕಿಲೊ ಓಮ್ ರೆಸಿಸ್ಟರ್ ಕಟ್ಟಿ ಆಮ್ಯಾಲ ಅಳೆಯೋದು. 1 ವೋಲ್ಟ್ ಬಂದ್ರ 0.1 ಮಿಲಿ ಆಂಪ್. 5 ವೋಲ್ಟ್ ಬಂದ್ರ ಅರ್ಧ ಮಿಲಿ ಆಂಪ್, ಅಲ್ಲಿಗಿ ನಾನು ಹಾಡು ಬಂದ್ ಮಾಡಿ ಸ್ಕ್ರೂಡ್ರೈವರ್ ತಗೀತೀನಿ. ಆ 90 ವೋಲ್ಟ್ ರೆಸಿಸ್ಟರ್ ಹಚ್ಚಿದ ಕೂಡ್ಲೇ ಒಂದು ವೋಲ್ಟಿಗಿ ಇಳಿದ್ರ ಆಂಪ್ ಆರಾಮ ಅದ ಅಂತ ತಿಳ್ಕೋಬೇಕು.

ಇನ್ನ ಕೆಲವು ಅಮೆರಿಕನ್ ಆಂಪಿನಾಗ ಸೋರಿಕಿ ಬ್ಯಾರೆ ಹಾದ್ಯಾಗಿಂದ ಬರ್ತದ, ಕಂಪನಿಯವರೇ ಹಾಕಿದ ಹಾದಿ. ಹಳೀ ಫೆಂಡರ್ ಗಿಟಾರ್ ಆಂಪ್ ಹಿಂದ "ಗ್ರೌಂಡ್" ಅಂತ ಒಂದು ಸ್ವಿಚ್ ಇರ್ತದ, ನೋಡಿರ್ತೀರಿ. ಮೇನ್ಸಿನ ಒಂದು ವೈರಿಂದ ಚಾಸಿಗಿ 0.047 ಮೈಕ್ರೊಫ್ಯಾರಡ್ ಕೆಪಾಸಿಟರ್, ಹಮ್ಮಿಂಗ್ ಕಡಿಮಿ ಆಗ್ಲಿ ಅಂತ. ಅವರ ದೇಶದ 117 ವೋಲ್ಟಿಗಿ ಅದು ಒಂದು ಲೆಕ್ಕ, ನಮ್ಮ 230 ವೋಲ್ಟ್ ಅದರ ಮ್ಯಾಲ ಬಿತ್ತಂದ್ರ 3.4 ಮಿಲಿ ಆಂಪ್, ಕೆಪಾಸಿಟರ್ ಛಲೋ ಇದ್ದಾಗಲೇ ಇಷ್ಟು. ಅದು ಶಾರ್ಟ್ ಆದ್ರ ಚಾಸಿ ಅಂದ್ರ ಫೇಜ್ ವೈರೇ. ಅಲ್ಲಿಯ ಮೆಕ್ಯಾನಿಕ್‌ಗಳು ಅದಕ್ಕ ಡೆತ್ ಕ್ಯಾಪ್ ಅಂತಾನೇ ಹೆಸರಿಟ್ಟಾರ. ವೈರ್ ಬದಲಿ ಮಾಡ್ಲಿಕ್ಕ ಕೂತಾಗ ಆ ಕೆಪಾಸಿಟರ್ ಮೊದಲು ಕಟ್ ಮಾಡಿ ತೆಗೀಬೇಕು. ಮೂರನೇ ವೈರ್ ಬಂದ ಮ್ಯಾಲ ಅದಕ್ಕ ಕೆಲಸಾನೇ ಇಲ್ಲ. ಇರಲೇಬೇಕು ಅನ್ನೋ ಹಟ ಇದ್ರ ವೈ ಕ್ಲಾಸ್ ಅಂತ ಬರೆದಿರೋದು ಹಾಕ್ಬೇಕು, ಅದು ಕೆಟ್ರ ಓಪನ್ ಆಗೋ ಹಂಗ ಮಾಡಿರ್ತಾರ, ಶಾರ್ಟ್ ಆಗೋ ಹಂಗಲ್ಲ.

ಚಾಚಾನ ಅಂಗಡಿ

ಸೂಪರ್ ಮಾರ್ಕೆಟಿನ ಹಿಂದಿನ ಗಲ್ಲ್ಯಾಗ ಒಬ್ರು ರೇಡಿಯೊ ರಿಪೇರಿ ಮಾಡೋರಿದ್ರು, ಎಲ್ಲಾರೂ ಚಾಚಾ ಅಂತಿದ್ವಿ. ನಮ್ಮಪ್ಪ ಮನ್ಯಾಗಿನ ರೇಡಿಯೊ ಸೈಕಲ್ ಕ್ಯಾರಿಯರಿಗಿ ಕಟ್ಕೊಂಡು ಹೋಗ್ತಿದ್ದ, ನಾನು ಹಿಂದ ಹಿಡ್ಕೊಂಡು ನಡೀತಿದ್ದೆ. ಅಂಗಡಿ ಅಂದ್ರ ಎರಡು ಮಂದಿ ನಿಂತ್ರ ಮೂರನೇದವರಿಗಿ ಜಾಗಿಲ್ಲ ಅಷ್ಟೇ, ಗ್ವಾಡಿಗಿ ಮ್ಯಾಲಿಂದ ಕೆಳಗಿನತನಕ ಹೊಟ್ಟಿ ಬಿಚ್ಚಿದ ಸೆಟ್‌ಗಳು. ಎದುರಿಗಿ ಕಟಗಿ ಹಲಗಿ ಮ್ಯಾಲ ಸೀರೀಸ್ ಬೋರ್ಡು, ಅದಕ್ಕ 100 ವಾಟಿನ ಬಲ್ಬು. ಯಾವ ಸೆಟ್ ಬಂದ್ರೂ ಸೀದಾ ಕರೆಂಟಿಗಿ ಹಚ್ಚೋ ಮಾತಿಲ್ಲ, ಮೊದಲು ಆ ಬಲ್ಬಿನ ಮೂಲಕ. ಬಲ್ಬ್ ಝಗ್ಗನೆ ಹತ್ತಿ ಆಮ್ಯಾಲ ಮಂಕಾದ್ರ ಸೆಟ್ ಬದುಕ್ಯದ, ಪೂರಾ ಹತ್ತಿ ಹಂಗೇ ಉಳೀತಂದ್ರ ಒಳಗ ಶಾರ್ಟ್. ಈಗ ವೋಲ್ಟೇಜ್ ಏರಿಸಿ ಇಳಿಸೋ ಸಾವಿರಾರು ರೂಪಾಯಿ ವೇರಿಯಾಕ್ ಇಟ್ಕೊಂಡವರೂ ಆ ಬಲ್ಬ್ ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ.

ನಮ್ಮಪ್ಪ ಹೋದ ಕೂಡ್ಲೇ "ವಾಲ್ ಹೋಗ್ಯದ ಕಾಣ್ತದ" ಅಂತ ಶುರು ಮಾಡ್ತಿದ್ದ. ಚಾಚಾ ಕೇಳಿಸ್ಕೊಳ್ತಿರಲಿಲ್ಲ. "ವಾಲ್ ಬಾದ್ ಮೇ ದೇಖೇಂಗೆ ಮಾಸ್ಟರ್ ಸಾಬ್, ಪೈಲೇ ಡೋರಿ ದಿಖಾವ್" ಅಂತ ವೈರಿನ ತುದಿ ಹಿಡ್ಕೊಂಡು, ಪ್ಲಗ್ಗಿನಿಂದ ಒಂದೊಂದೇ ಗೇಣು ಬಗ್ಗಿಸ್ತಾ ಬಗ್ಗಿಸ್ತಾ ಸೆಟ್ಟಿನತನಕ ಬರ್ತಿದ್ರು, ಕಿವಿ ಹತ್ರ ಇಟ್ಕೊಂಡು. ರಬ್ಬರ್ ಪಟಪಟ ಅಂದಲ್ಲಿ ನಿಂತು ಬ್ಲೇಡಿಲೆ ಸೀಳಿ ತೋರಸ್ತಿದ್ರು. ಒಳಗ ತಾಮ್ರ ಕೆಂಪಗಿರ್ತಿರಲಿಲ್ಲ, ಕರ್ರಗ ಕಾಡಿಗಿ ಆಗಿರ್ತಿತ್ತು. ಆಗ ನನಗ ಸುಟ್ಟಿದ್ದು ಅನಸ್ತಿತ್ತು. ಆಮ್ಯಾಲ ಓದಿದಾಗ ತಿಳೀತು, ರಬ್ಬರ್ ಗಟ್ಟಿ ಮಾಡ್ಲಿಕ್ಕ ಹಾಕೋ ಗಂಧಕ ತಾಮ್ರದ ಕೂಡ ಸೇರಿ ಹಂಗ ಕರ್ರಗ ಮಾಡ್ತದ, ಅದಕ್ಕೇ ಛಲೋ ಕಂಪನಿಯವರು ತಾಮ್ರಕ್ಕ ತವರ ಬಳಿದಿರ್ತಿದ್ರು. ಕರ್ರಗಾದ ತಾಮ್ರಕ್ಕ ಸಾಲ್ಡರ್ ಹಿಡಿಯಂಗಿಲ್ಲ, ಎಷ್ಟೇ ಪೇಸ್ಟ್ ಹಚ್ರಿ. ಅದಕ್ಕ ಚಾಚಾ ವೈರಿನ ತುದಿ ಒಂದಿಷ್ಟು ಕತ್ತರಿಸಿ ಮತ್ತ ಜೋಡಸೋ ಆಟ ಆಡ್ತಿರಲಿಲ್ಲ, ಇಡೀ ವೈರ್ ಕಿತ್ತಿ ಹಾಕ್ತಿದ್ರು. ಚಾಸಿಯ ತೂತಿನಾಗ ರಬ್ಬರ್ ವಾಷರ್ ಕರಗಿ ಹೋಗಿ ಬರೀ ತಗಡಿನ ಅಂಚು ವೈರ್ ಕೊರೀತಿದ್ರ ಅಲ್ಲಿಗಿ ಸೈಕಲ್ ಟ್ಯೂಬಿನ ತುಂಡು ಸುತ್ತಿ ತುರುಕ್ತಿದ್ರು, ಒಳಗ ವೈರಿಗಿ ಒಂದು ಗಂಟು. ಈಗ ತೂತಿನಾಗ ವೈರ್ ಬಿಗಿ ಹಿಡಿಯೋ ನೈಲಾನ್ ಗ್ಲ್ಯಾಂಡ್ ಅಗ್ಗಕ್ಕ ಸಿಗ್ತಾವ, ಗಂಟಿನ ಗರಜಿಲ್ಲ.

ಅದೇ ಕಾಲದಾಗ ಜಾತ್ರ್ಯಾಗ ಮೈಕ್‌ಸೆಟ್‌ದವರು ಏನ್ ಮಾಡ್ತಿದ್ರು ಅಂದ್ರ, ಪ್ಲಗ್ಗೇ ಇಲ್ಲ, ವೈರಿನ ಎರಡು ತುದಿ ಸುಲಿದು ಸಾಕೆಟ್ಟಿನಾಗ ತುರುಕಿ ಬೆಂಕಿಕಡ್ಡಿ ಸಿಗಿಸಿ ಬಿಡ್ತಿದ್ರು. ಆಹುಜಾ ಆಂಪ್ಲಿಫೈಯರ್ ರಾತ್ರಿಯೆಲ್ಲಾ ಹಾಡ್ತಿತ್ತು. ಏನೂ ಆಗ್ಲಿಲ್ಲ ಅಂತ ಈಗಲೂ ಹೇಳೋರಿದ್ದಾರ. ಆದವರು ಬಂದು ಹೇಳಂಗಿಲ್ಲಲ್ಲ.

ನಮ್ಮ ಮನೀ ರೇಡಿಯೊ ಹಿಂದ ಏರಿಯಲ್, ಅರ್ಥ್ ಅಂತ ಎರಡು ತೂತಿದ್ವು. ಅರ್ಥಿನ ವೈರ್ ಅಪ್ಪ ಅಂಗಳದ ನಳದ ಕಬ್ಬಿಣ ಪೈಪಿಗಿ ಸುತ್ತಿದ್ದ. ಸ್ಟೇಷನ್ ಸ್ವಚ್ಛ ಬರ್ಲಿ ಅಂತ ಮಾಡಿದ್ದು, ಝುಂ ಅನ್ನೋದೂ ಹೋಗಿತ್ತು. ಈಗಿನ ನಳ ಎಲ್ಲಾ ಪಿವಿಸಿ, ಅದಕ್ಕ ವೈರ್ ಸುತ್ತೋದೂ ಒಂದೇ ಕಿಟಕಿ ಕಟಗಿಗಿ ಸುತ್ತೋದೂ ಒಂದೇ.

ಬದಲಿ ಮಾಡೋಮುಂದ

ಕೆಲಸ ಅಂತ ನೋಡಿದ್ರ ಒಂದು ಮಧ್ಯಾಹ್ನದ್ದು. ವೈರ್ ಅಂಗಡ್ಯಾಗ ಹಿಂದ "23/76 ಕೊಡ್ರಿ" ಅಂದ್ರ ಸಾಕಿತ್ತು, 0.0076 ಇಂಚಿನ 23 ಎಳಿ. ಈಗ 0.75 ಇಲ್ಲಾ 1 ಸ್ಕ್ವೇರ್ ಎಂಎಂ ತ್ರೀ ಕೋರ್ ರೌಂಡ್ ವೈರ್ ಅಂತ ಕೇಳ್ಬೇಕು, ಮತ್ತ ಕಟ್ಟಿ ಬಿಚ್ಚೋ ಥರದ 6 ಆಂಪ್ ತ್ರೀ ಪಿನ್ ಟಾಪ್ (ಪ್ಲಗ್). ಅಚ್ಚಿನಾಗ ಎರಕ ಹೊಯ್ದದ್ದು ನನಗ ಸೇರಂಗಿಲ್ಲ, ಒಳಗ ಏನದ ಕಾಣಂಗಿಲ್ಲ. ಆಂಪ್ ಬಿಚ್ಚಿದ ಮ್ಯಾಲ ಫಿಲ್ಟರ್ ಕೆಪಾಸಿಟರಿನಾಗ 400 ವೋಲ್ಟಿನ ಮ್ಯಾಲ ಡಿಸಿ ಕೂತಿರಬಹುದು, ಪ್ಲಗ್ ತೆಗ್ದು ತಾಸಾದ್ರೂ. ಕೆಲವು ಕಿಲೊ ಓಮಿನ 5 ವಾಟ್ ರೆಸಿಸ್ಟರಿಗಿ ಉದ್ದಂದು ಇನ್ಸುಲೇಷನ್ ಇರೋ ವೈರ್ ಕಟ್ಟಿ ಅದನ್ನ ಖಾಲಿ ಮಾಡಿ, ಮೀಟರಿಲೆ ನೋಡಿ, ಆಮ್ಯಾಲ ಕೈ ಹಾಕ್ಬೇಕು. ಸ್ಕ್ರೂಡ್ರೈವರಿಲೆ ಚಟ್ ಅನಸೋದು ಬ್ಯಾಡ, ನೋಡ್ಲಿಕ್ಕ ಛಂದ, ಕೆಪಾಸಿಟರಿಗಿ ಛಲೋದಲ್ಲ.

ಬಣ್ಣದಾಗ ಒಂದು ಮೋಸ ಅದ. ನಮ್ಮ ಹಳೀ ವೈರಿಂಗಿನಾಗ ಕೆಂಪು ಫೇಜ್, ಕರಿ ನ್ಯೂಟ್ರಲ್, ಹಸಿರು ಅರ್ಥ್. ಈಗ ಬರೋ ತ್ರೀ ಕೋರಿನಾಗ ಕಂದು ಫೇಜ್, ನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟಿ ಅರ್ಥ್. ಅಮೆರಿಕದ ವೈರಿನಾಗ ಕರಿ ಅಂದ್ರ ಫೇಜ್, ಬಿಳಿ ನ್ಯೂಟ್ರಲ್! ಅಂದ್ರ ಅಮೆರಿಕನ್ ಆಂಪ್ ಒಳಗ ಕರಿ ವೈರ್ ಕಂಡು ನಮ್ಮ ಎಲೆಕ್ಟ್ರಿಷಿಯನ್ ಕೈ ಹಾಕಿದ್ರ ಅವನ ಲೆಕ್ಕ ಪೂರಾ ಉಲ್ಟಾ. ಚಪ್ಪಟಿ ಟೂ ಕೋರಿನಾಗ ಬಣ್ಣಾನೇ ಇರಂಗಿಲ್ಲ, ಉಗುರಿಲೆ ಸವರಿ ನೋಡಿದ್ರ ಒಂದು ಎಳಿ ಮ್ಯಾಲ ಗೀರು ಗೀರು ಇರ್ತದ, ಅದು ಅವರ ನ್ಯೂಟ್ರಲ್. ನನ್ನ ಡೈನಾಕೊ ವೈರಿನಾಗ ಆ ಗೀರು ಸವೆದು ಕಣ್ಣಿಗಿ ಕಾಣ್ತಿರಲಿಲ್ಲ, ಕಣ್ಣು ಮುಚ್ಕೊಂಡು ಸವರಿದಾಗ ಸಿಕ್ತು.

ಫೇಜ್ ಮೊದಲು ಫ್ಯೂಜಿಗಿ, ಅಲ್ಲಿಂದ ಸ್ವಿಚ್ಚಿಗಿ, ಅಲ್ಲಿಂದ ಟ್ರಾನ್ಸ್‌ಫಾರ್ಮರಿಗಿ. ನ್ಯೂಟ್ರಲ್ ಸೀದಾ ಟ್ರಾನ್ಸ್‌ಫಾರ್ಮರಿನ ಇನ್ನೊಂದು ತುದಿಗಿ. ಹಳೀ ಸೆಟ್‌ಗಳಾಗ ಫ್ಯೂಜ್ ಒಂದು ಎಳಿಗಿ, ಸ್ವಿಚ್ ಇನ್ನೊಂದು ಎಳಿಗಿ ಹಾಕಿದ್ದೂ ನೋಡೀನಿ, ಟೂ ಪಿನ್ನಿನ ಕಾಲದಾಗ ಯಾವ ಕಡಿ ಆದ್ರೇನು ಅಂತ. ಮೂರು ಪಿನ್ ಹಾಕಿದ ಮ್ಯಾಲ ಹಂಗ ಬಿಡ್ಲಿಕ್ಕ ಬರಂಗಿಲ್ಲ, ನ್ಯೂಟ್ರಲ್ಲಿನಾಗ ಇರೋ ಫ್ಯೂಜ್ ಸುಟ್ಟು ಸೆಟ್ ಸತ್ತಂಗ ಕಂಡ್ರೂ ಒಳಗ ಫೇಜ್ ಜೀವಂತ ಇರ್ತದ. ಫ್ಯೂಜ್ ಹೋಲ್ಡರಿಗೂ ಎರಡು ಟ್ಯಾಗ್ ಇರ್ತಾವ, ಒಂದು ಹಿಂದಿನ ತುದ್ಯಾಗ, ಒಂದು ಪಕ್ಕದಾಗ. ಫೇಜ್ ಬರೋದು ತುದೀ ಟ್ಯಾಗಿಗಿ. ಪಕ್ಕದ್ದಕ್ಕ ಕೊಟ್ರ ಫ್ಯೂಜ್ ಬಿಚ್ಚೋಮುಂದ ಮುಚ್ಚಳದ ಜೊತಿ ಹೊರಗ ಬರೋ ಗಾಜಿನ ಕೊಳವಿಯ ಲೋಹ ಇನ್ನೂ ಫೇಜಿಗಿ ತಾಕಿರ್ತದ, ನಮ್ಮ ಬೆರಳು ಅಲ್ಲೇ ಇರ್ತದ.

ಹಸಿರು ವೈರಿಗಿ ಅದರದ್ದೇ ಒಂದು ಬೋಲ್ಟ್ ಬೇಕು. ಟ್ರಾನ್ಸ್‌ಫಾರ್ಮರ್ ಬಿಗಿದ ಬೋಲ್ಟಿಗೇ ಸಿಗಿಸೋರು ಭಾಳ, ಅದು ಕಾದು ಆರಿ ಸಡಲಾಗ್ತದ. ಜಾಗ ನೋಡಿ, ಪೇಂಟ್ ಇದ್ರ ಅಷ್ಟು ಕೆರೆದು, ರಿಂಗ್ ಲಗ್ ಒತ್ತಿ, ಹಲ್ಲಿನ ವಾಷರ್ ಹಾಕಿ ಬಿಗೀಬೇಕು, ಮ್ಯಾಲ ಇನ್ನೊಂದು ನಟ್. ಈ ಹಸಿರು ವೈರನ್ನ ಉಳಿದ ಎರಡಕ್ಕಿಂತ ನಾಕು ಬೆರಳು ಉದ್ದ ಬಿಡ್ಬೇಕು. ಯಾರೋ ಎಡವಿ ವೈರ್ ಜಗ್ಗಿ ಕಿತ್ತು ಬಂತು ಅನ್ರಿ, ಮೊದಲು ಫೇಜ್ ಕಿತ್ತಬೇಕು, ಅರ್ಥ್ ಎಲ್ಲಕ್ಕಿಂತ ಕೊನೀಗಿ. ನಮ್ಮ ಟಾಪಿನ ಅರ್ಥ್ ಪಿನ್ ಉದ್ದ ಇರೋದೂ ಅದಕ್ಕೇ, ಹೋಗೋಮುಂದ ಮೊದಲು ಹೋಗ್ತದ, ಬರೋಮುಂದ ಕಡೀಗಿ ಬರ್ತದ.

ಸ್ಟೆಪ್‌ಡೌನ್ ಡಬ್ಬಿ ಬಗ್ಗೆ ಹೇಳದೇ ಇರ್ಲಿಕ್ಕ ಆಗಂಗಿಲ್ಲ. ಬಜಾರಿನಾಗ 230ಕ್ಕ 110 ಅಂತ ಸಿಗೋ ಡಬ್ಬಿ ಮುಕ್ಕಾಲು ಆಟೊ ಟ್ರಾನ್ಸ್‌ಫಾರ್ಮರೇ. ಒಂದೇ ಸುತ್ತು, ನಡುವ ಒಂದು ಟ್ಯಾಪ್. ನೆಟ್ಟಗ ಹಾಕಿದ್ರ ಆಂಪಿಗಿ ಬರೋ ಎರಡು ವೈರ್ ಅರ್ಥಿನ ಲೆಕ್ಕದಾಗ 0 ಮತ್ತ 110. ಟೂ ಪಿನ್ ಉಲ್ಟಾ ಹಾಕಿದ್ರ ಒಂದು 230, ಇನ್ನೊಂದು 120. ಎರಡರ ನಡುವ 110 ಏ ಇರ್ತದ, ಆಂಪ್ ಹಂಗೇ ಹಾಡ್ತದ, ಯಾರಿಗೂ ಗೊತ್ತಾಗಂಗಿಲ್ಲ, 117 ವೋಲ್ಟಿಗಂತ ಮಾಡಿದ ಹಳೀ ಕಾಗದದ ಮ್ಯಾಲ ಮಾತ್ರ 230 ಕೂತಿರ್ತದ. ಗುರ್ತು ಹಿಡಿಯೋದು ಸುಲಭ, ಡಬ್ಬಿ ಕರೆಂಟಿಂದ ತೆಗ್ದು ಒಳಗ ಹೋಗೋ ಪಿನ್ನಿಗೂ ಹೊರಗ ಬರೋ ತೂತಿಗೂ ಮೀಟರಿಲೆ ಓಮ್ ನೋಡೋದು, ಕಂಟಿನ್ಯುಟಿ ಬಂದ್ರ ಆಟೊ. ನಾನು ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡೋ ಅಂಗಡ್ಯಾಗ ಹೇಳಿ ಎರಡು ಬ್ಯಾರೆ ಬ್ಯಾರೆ ಸುತ್ತಿನ 300 ವಿಎ ಟ್ರಾನ್ಸ್‌ಫಾರ್ಮರ್ ಕಟ್ಟಿಸ್ದೆ. ಅವರು "ಇಷ್ಟು ಸಣ್ಣದ್ದಕ್ಕ ಎರಡು ಸುತ್ತು ಯಾಕ್ರಿ, ತಾಮ್ರ ದಂಡ" ಅಂದ್ರು, ಕಟ್ಟಿದ್ದು ಮಾತ್ರ ಕಲ್ಲಿನಂಗ ಕಟ್ಯಾರ. ಗ್ವಾಡ್ಯಾಗಿನ ಅರ್ಥ್ ಈ ಡಬ್ಬೀನೂ ದಾಟಿ ಸೀದಾ ಆಂಪಿನ ಚಾಸಿಗಿ ಹೋಗ್ತದ, ನಡುವ ಎಲ್ಲೂ ಕಡಿಯಂಗಿಲ್ಲ.

ಒರಿಜಿನಲ್ ಅನ್ನೋರು

ವೈರ್ ಬದಲಿ ಮಾಡೀನಿ ಅಂದ್ರ ಕೆಲವರಿಗಿ ಮೈ ಉರೀತದ. "ಒರಿಜಿನಲ್ ಕೆಡಿಸ್ದಿ, ರೇಟ್ ಹೋಯ್ತು" ಅಂತಾರ. ಹೈದರಾಬಾದಿನ ಕೋಠಿ ಗುಜರಾತಿ ಗಲ್ಲ್ಯಾಗ, ಬೆಂಗಳೂರು ಎಸ್‌ಪಿ ರೋಡಿನಾಗ ವಾಲ್ವ್ ಹುಡ್ಕಿ ತಂದು ಹಾಕ್ತಾರ, ಕೆಪಾಸಿಟರ್ ಎಲ್ಲಾ ಹೊಸಾವು ಹಾಕ್ತಾರ, ಅದು ನಡೀತದ. ವೈರ್ ಮುಟ್ಟಿದ್ರ ಮಾತ್ರ ಪಾಪ. ಡೈನಾಕೊ ವಿಷಯದಾಗಂತೂ ಈ ಮಾತಿಗಿ ನಗು ಬರ್ತದ, ಅದು ಭಾಳಷ್ಟು ಮಾರಾಟ ಆದದ್ದೇ ಕಿಟ್ ರೂಪದಾಗ, ತಗೊಂಡವರು ಮನ್ಯಾಗ ಕೂತು ತಾವೇ ಸಾಲ್ಡರ್ ಮಾಡ್ಕೊಂಡದ್ದು. ಡಾಕ್ಟರ್ ಸಾಹೇಬ್ರು ಹಾಸ್ಟೆಲ್ ರೂಮಿನಾಗ ಕೂತು ಕಟ್ಟಿದ ವೈರ್ ಯಾವ ಫ್ಯಾಕ್ಟರಿಯ ಒರಿಜಿನಲ್ಲು? ಆದ್ರೂ ಅವರ ಮಾತಿಗೊಂದು ಮರ್ಯಾದಿ ಇರ್ಲಿ ಅಂತ ಹಳೀ ವೈರ್ ಸುತ್ತಿ ಒಂದು ಚೀಲದಾಗ ಹಾಕಿ ಇಟ್ಟೀನಿ, ಹೊಸ ತೂತೂ ಕೊರದಿಲ್ಲ. ಕಂಪ್ಯೂಟರಿನ ಹಿಂದ ಇರೋ ಥರದ ಐಇಸಿ ಸಾಕೆಟ್ ಕೂಡಿಸ್ಲಿಕ್ಕ ಚಾಸಿ ಕೊರಿಯೋದು ನನಗ ಸೇರಂಗಿಲ್ಲ, ಹಳೀ ತೂತಿನಾಗೇ ಗ್ಲ್ಯಾಂಡ್ ಹಿಡೀತದ.

ಇನ್ನೊಂದು ಗುಂಪು ವೈರ್ ಬದಲಿ ಮಾಡ್ಲಿಕ್ಕ ಕುಣ್ಕೊಂಡು ಬರ್ತದ, ಹೆಬ್ಬೆರಳಿನಷ್ಟು ದಪ್ಪಂದು, ಬೆಲಿ ಕೇಳಿದ್ರ ಒಂದು ಚೀಲ ತೊಗರಿ ಮಾರ್ಬೇಕು. ಸೌಂಡ್ ತೆರೆಕೊಳ್ತದಂತ. ಲೆಕ್ಕ ಹಾಕೋಣ. ಈ ಆಂಪ್ ಎಳೆಯೋದು 230ರಾಗ 1 ಆಂಪಿಗಿಂತ ಕಡಿಮಿ. 1 ಸ್ಕ್ವೇರ್ ಎಂಎಂ ವೈರ್ ಎರಡು ಮೀಟರ್, ಹೋಗಿ ಬರೋದು ನಾಕು ಮೀಟರ್, ರೆಸಿಸ್ಟನ್ಸ್ ಸುಮಾರು 0.08 ಓಮ್, ಬೀಳೋ ವೋಲ್ಟೇಜ್ 0.08. ಸಂಜೀಗಿ ಓಣ್ಯಾಗ ಎಲ್ಲಾರೂ ಕೂಲರ್ ಹಚ್ಚಿದಾಗ ಬೋರ್ಡಿನಾಗ ಬೀಳೋದು ಹತ್ತಿಪ್ಪತ್ತು ವೋಲ್ಟ್. ದಪ್ಪ ವೈರ್ ತಗೊಳ್ಳೋರು ತಗೊಳ್ಳಿ, ಅವರ ರೊಕ್ಕ. ನಾನು ಆ ರೊಕ್ಕ ಮಣ್ಣಾಗ ಹಾಕ್ದೆ, ಅಕ್ಷರಶಃ.

ಗುಂಡ್ಯಾಗ ಏನದ

ತ್ರೀ ಪಿನ್ ಹಾಕಿ ಆಯ್ತು, ಎಲ್ಲಾ ಬಿಗಿದು ಆಯ್ತು, ಬೋರ್ಡಿಗಿ ಸಿಗಿಸೋಕಿಂತ ಮುಂಚೆ ಗ್ವಾಡ್ಯಾಗಿನ ಮೂರನೇ ತೂತು ನೋಡೋಣಂತ ವೈರಿಂಗ್ ಮಾಡೋ ಹುಡುಗನ್ನ ಕರೆಸ್ದೆ. ಅವ ಪ್ಲೇಟ್ ಬಿಚ್ಚಿ ಟಾರ್ಚ್ ಹಿಡಿದ. ದೊಡ್ಡ ತೂತಿನ ಹಿಂದ ಹಿತ್ತಾಳಿ ಸ್ಕ್ರೂ ಹೊಸದರಂಗ ಪಳಪಳ, ಅದಕ್ಕ ವೈರೇ ಇಲ್ಲ. "ತಮ್ಮಾ, ಇದೇನೋ?" ಅಂದೆ. "ಸರ, ಭಾಳ ಮನ್ಯಾಗ ಹಿಂಗೇ ಇರ್ತದ್ರಿ. ತ್ರೀ ಪಿನ್ ಹಾಕ್ರಿ ಅಂತಾರ, ಹಾಕ್ತೀವಿ. ಅರ್ಥಿಂಗ್ ಹಾಕ್ಸ್ರಿ ಅಂದ್ರ ಮುಂದ ನೋಡೋಣ ಅಂತಾರ." ಪಕ್ಕದ ರೂಮಿನ ಬೋರ್ಡ್ ಇನ್ನೂ ಮಜಾ, ಅಲ್ಲಿ ನ್ಯೂಟ್ರಲ್ಲಿಂದಲೇ ಒಂದು ತುಂಡು ವೈರ್ ಅರ್ಥಿಗಿ ಹಾಕಿ ಕೂಡಿಸ್ಯಾರ. ಟೆಸ್ಟ್ ಮಾಡಿದ್ರ ಬಲ್ಬ್ ಹತ್ತತದ, ಅರ್ಥ್ ಇದ್ದಂಗೇ ಕಾಣ್ತದ. ಎಲ್ಲೋ ಒಂದು ಕಡಿ ನ್ಯೂಟ್ರಲ್ ಕಡೀತು ಅಂದ್ರ ಆ ರೂಮಿನಾಗಿನ ಎಲ್ಲಾ ತ್ರೀ ಪಿನ್ ಸಾಮಾನಿನ ಬಾಡಿ ಫೇಜ್ ಆಗ್ತದ. ಅದಕ್ಕಿಂತ ಖಾಲಿ ತೂತೇ ವಾಸಿ.

ಅಲ್ಲಿಗಿ ನನಗ ಪಕ್ಕಾ ಆಯ್ತು, ಆಂಪಿನ ವೈರ್ ಅಂದ್ರ ಎರಡು ಮೀಟರ್ ಅಂತ ನಾವು ತಿಳ್ಕೊಂಡಿರೋದು ಸುಳ್ಳು. ಅದು ಪ್ಲಗ್ಗಿನಾಗ ಹೊಕ್ಕು, ಗ್ವಾಡ್ಯಾಗ ಹಾದು, ಹಿತ್ತಲದಾಗ ಮಣ್ಣಿನ ಕೆಳಗ ಹೋಗಿ ಮುಗೀತದ. ಹಿತ್ತಲದಾಗ ಒಂದು ಅರ್ಥಿಂಗ್ ಗುಂಡಿ ಇತ್ತು, ಹಳೀದು, ಮ್ಯಾಲ ಸಿಮೆಂಟ್ ಮುಚ್ಚಳ, ಒಳಗ ಪೈಪ್ ತುಕ್ಕು ತಿಂದು ವೈರ್ ಯಾವಾಗೋ ಕಡಿದಿತ್ತು. ನಮ್ಮ ಎರಿ ಮಣ್ಣಿನ ಗುಣ ಎಲ್ಲಾರ್ಗೂ ಗೊತ್ತು. ಮಳಿಗಾಲದಾಗ ಕಾಲಿಗಿ ಅಂಟಿ ಬಿಡಂಗಿಲ್ಲ, ಆವಾಗ ಅದರಷ್ಟು ಛಲೋ ಅರ್ಥ್ ಇನ್ನೊಂದಿಲ್ಲ, ನೀರು ಹಿಡಿದಿಡ್ತದ, ಕರೆಂಟ್ ಸಲೀಸ ಹರೀತದ. ಏಪ್ರಿಲ್ ಮೇ ಬಂತಂದ್ರ ಕೈ ಹೋಗೋವಷ್ಟು ಬಿರುಕು ಬಿಡ್ತದ, ಮಣ್ಣು ಪೈಪಿನಿಂದ ದೂರ ಸರೀತದ, ನಡುವ ಗಾಳಿ. ಹೊಸ ಗುಂಡಿ ತೋಡಿಸಿ ಜಿಐ ಪೈಪ್ ಇಳಿಸಿ ಸುತ್ತ ಇದ್ದಿಲು, ಉಪ್ಪು ಒಂದೊಂದು ಪದರ ಹಾಕಿಸಿ ಮ್ಯಾಲ ನೀರು ಹಾಕ್ಲಿಕ್ಕ ಒಂದು ಆಲಿಕಿ ಇಟ್ಟೀವಿ. ಈಗ ನಮ್ಮವ್ವ ಮುಂಜಾನೆ ತುಳಸಿಗಿ ನೀರ್ ಹಾಕಿ, ಅಲ್ಲೇ ಇರೋ ಈ ಪೈಪಿಗೂ ಒಂದು ತಂಬಿಗಿ ಹಾಕ್ತಾಳ. "ಇವನ್ಯಾವ ದೇವ್ರಪ್ಪ" ಅಂತ ಬೈಕೊಂಡೇ ಹಾಕ್ತಾಳ.

ಅರ್ಥ್ ಐತಾ ಇಲ್ಲ ಅಂತ ನೋಡ್ಲಿಕ್ಕ ಫೇಜಿಗೂ ಅರ್ಥಿಗೂ ನಡುವ 100 ವಾಟ್ ಬಲ್ಬ್ ಹಚ್ಚೋದು ನಮ್ಮ ಕಡಿ ರೂಢಿ. ಪೂರಾ ಹತ್ತಿದ್ರ "ಅರ್ಥ್ ಸೂಪರ್ ಸರ" ಅಂತಾರ. ಆ ಬಲ್ಬ್ ಎಳೆಯೋದು ಅರ್ಧ ಆಂಪಿಗಿಂತ ಕಡಿಮಿ, ಗುಂಡಿ 20 ಓಮ್ ಇದ್ರೂ ಬೀಳೋದು 8-9 ವೋಲ್ಟ್, ಕಣ್ಣಿಗಿ ಎಲ್ಲಿ ಗೊತ್ತಾಗ್ಬೇಕು? ಅದೇ 20 ಓಮಿನ ಗುಂಡ್ಯಾಗ ಆಂಪಿನ ಫೇಜ್ ಚಾಸಿಗಿ ತಾಕಿದ್ರ ಹರಿಯೋದು 230 ಭಾಗ 20, ಅಂದ್ರ 11.5 ಆಂಪ್. ಕರೆಂಟ್ ಮಿತಿ ಮೀರಿದ್ರ ಬೀಳ್ಬೇಕಾದ 16 ಆಂಪಿನ ಎಂಸಿಬಿ ಸ್ವಿಚ್ ಬೀಳೋದೇ ಇಲ್ಲ! ಫ್ಯೂಜ್ ದಾಟಿದ ಮ್ಯಾಲ ಒಳಗ ಶಾರ್ಟ್ ಆದ್ರ ಆಂಪಿಂದೇ ಸಣ್ಣ ಫ್ಯೂಜ್ ಹೋಗಿ ಕಾಪಾಡ್ತದ. ವೈರ್ ಒಳಗ ಬರೋ ತೂತಿನಾಗೇ ರಬ್ಬರ್ ಸವೆದು ತಗಡಿಗಿ ತಾಕಿದ್ರ? ಅಲ್ಲಿಗಿ ಫ್ಯೂಜ್ ಇನ್ನೂ ಬಂದಿರಂಗಿಲ್ಲ. ಚಾಸಿ ಹೆಚ್ಚುಕಮ್ಮಿ ಪೂರಾ ವೋಲ್ಟೇಜಿನಾಗ ಕೂತಿರ್ತದ, ಮತ್ತ ಅರ್ಥಿನ ವೈರ್ ಎಲ್ಲಾ ರೂಮಿಗೂ ಒಂದೇ ಆದದ್ದಕ್ಕ ಆ ವೋಲ್ಟೇಜ್ ಅಡಗಿ ಮನ್ಯಾಗಿನ ಫ್ರಿಜ್ಜಿನ ಹಿಡಕಿಗೂ ಹೋಗ್ತದ. ನಾನು ಇಲ್ಲಿ ಕೂತು ಹಾಡು ಕೇಳ್ತಿರ್ತೀನಿ, ಅಲ್ಲಿ ಅವ್ವ ಹಾಲು ತೆಗೀಲಿಕ್ಕ ಕೈ ಹಾಕ್ತಾಳ. ಈ ಲೆಕ್ಕ ಹಾಕಿದ ದಿನ ನನಗ ನಿದ್ದಿ ಸರಿ ಬರ್ಲಿಲ್ಲ. ಅದಕ್ಕೇ ಗುಂಡಿ ಜೊತಿ 30 ಮಿಲಿ ಆಂಪಿನ ಆರ್‌ಸಿಸಿಬಿ ಬೇಕೇ ಬೇಕು. ಹೋದ ಕರೆಂಟ್ ತಿರುಗಿ ಬಂದ ಕರೆಂಟಿಗಿ ಹೊಂದಿಲ್ಲಂದ್ರ ಅದು ಕಟ್ ಮಾಡ್ತದ, 20 ಓಮ್ ಏನು, 200 ಓಮ್ ಗುಂಡಿ ಇದ್ರೂ ಕಟ್ ಮಾಡ್ತದ.

ಹಮ್ಮಿಂಗ್

ಇಷ್ಟೆಲ್ಲಾ ಮಾಡಿ ಆಂಪ್ ಹಚ್ಚಿದ್ರ ಸ್ಪೀಕರಿನಾಗ ಗುಂಯ್. ಇದೇ ಜಾಗದಾಗ ಭಾಳ ಮಂದಿ ಸೋಲ್ತಾರ, ಟಾಪ್ ಬಿಚ್ಚಿ ಹಸಿರು ವೈರ್ ಕಟ್ ಮಾಡಿದ ಕೂಡ್ಲೇ ಗುಂಯ್ ಮಾಯ, "ನೋಡು, ಅರ್ಥ್ ಹಾಕಿದ್ರ ಸೌಂಡ್ ಕೆಡ್ತದ" ಅಂತ ತೀರ್ಪು ಕೊಟ್ಟು ಬಿಡ್ತಾರ. ಅರ್ಥ್ ಎರಡು ಹಾದ್ಯಾಗಿಂದ ಬಂದದ್ದಕ್ಕ ಆದ ಗುಂಯ್ ಅದು. ಆಂಪಿಗಿ ಒಂದು ಅರ್ಥ್ ವೈರಿನಾಗಿಂದ ಬಂತು, ಟಿವಿ ಕೂಡ ಜೋಡಿಸಿದ್ರ ಡಿಶ್ ಕೇಬಲ್ಲಿನ ಶೀಲ್ಡಿನಾಗಿಂದ ಇನ್ನೊಂದು ಬಂತು, ಎರಡರ ನಡುವ ಸುತ್ತು ಹಾಕ್ಕೊಂಡು 50 ಹರ್ಟ್ಸ್ ಹಾಡ್ತದ. ಮೊಬೈಲಿಂದ ಹಾಡು ಹಚ್ಚಿ ನೋಡ್ರಿ, ಗುಂಯ್ ಇರಂಗಿಲ್ಲ, ಯಾಕಂದ್ರ ಮೊಬೈಲಿಗಿ ಅರ್ಥೇ ಇಲ್ಲ. ಔಷಧ ಸಿಗ್ನಲ್ ಕಡಿ ಕೊಡ್ಬೇಕು, ಕರೆಂಟಿನ ಕಡಿ ಅಲ್ಲ. ಚಾಸಿ ಅರ್ಥಿಗಿ ಗಟ್ಟಿಯಾಗಿ ಇರ್ಲಿ, ಒಳಗಿನ ಸಿಗ್ನಲ್ ಗ್ರೌಂಡನ್ನ ಚಾಸಿಯಿಂದ ಬಿಡಿಸಿ 10 ಓಮ್ ರೆಸಿಸ್ಟರ್ ಮೂಲಕ ಜೋಡಸ್ಬೇಕು, ರೆಸಿಸ್ಟರಿಗಿ ಅಡ್ಡ ದಪ್ಪ ಬ್ರಿಡ್ಜ್ ರೆಕ್ಟಿಫೈಯರ್, ದೊಡ್ಡ ಫಾಲ್ಟ್ ಬಂದ್ರ ಹಾದಿ ತೆರೀಲಿಕ್ಕ. ಅದಕ್ಕೂ ಧೈರ್ಯ ಇಲ್ಲಂದ್ರ ಟಿವಿ ಆಂಪ್ ನಡುವ ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ನಾನು ಡೈನಾಕೊ ಒಳಗ ಏನೂ ಮುಟ್ಟಿಲ್ಲ, ಟ್ರಾನ್ಸ್‌ಫಾರ್ಮರ್ ಹಾಕೀನಿ, ಸಾಕಾಗ್ಯದ.

ಇದೆಲ್ಲಾ ಫೋನಿನಾಗ ಬೀದರಿನ ದೋಸ್ತಗ ಹೇಳ್ದೆ. ಅವರದು ಕೆಂಪು ಕಲ್ಲಿನ ನೆಲ, ನೀರು ನಿಲ್ಲಂಗಿಲ್ಲ, ಅರ್ಥಿಂಗ್ ಗುಂಡಿ ನಮ್ಮದಕ್ಕಿಂತ ತ್ರಾಸು. ಅವ ಹುರುಪಿಲೆ "ಹಂಗಾರ ನಮ್ಮ ಮುತ್ಯಾನ ರೇಡಿಯೊಕ್ಕೂ ತ್ರೀ ಪಿನ್ ಹಾಕಿ ಚಾಸಿಗಿ ಅರ್ಥ್ ಕೊಡ್ತೀನಿ ನಾಳಿ" ಅಂದ. ವಾಲ್ವ್ ಮ್ಯಾಲ ಏನ್ ಬರದದ ಓದು ಅಂದೆ. ಯುಎಲ್84, ಯುವೈ85 ಅಂತ ಓದಿದ. ಯು ಅಂತ ಶುರು ಆಗೋ ವಾಲ್ವ್ ಅಂದ್ರ ಎಸಿ-ಡಿಸಿ ಸೆಟ್, ಹೀಟರ್ ಎಲ್ಲಾ ಸಾಲಾಗಿ ಸೀದಾ ಮೇನ್ಸಿಗಿ, ಹಂಗ ಬಂದವುಗಳಾಗ ಚಾಸಿನೇ ಮೇನ್ಸಿನ ಒಂದು ವೈರ್. ಅದಕ್ಕ ಅರ್ಥ್ ಕೊಟ್ಟು, ಫೇಜ್ ಚಾಸಿ ಕಡಿ ಬಂತಂದ್ರ ಸೀದಾ ಶಾರ್ಟ್. ಅದನ್ನ ಮುಟ್ಟಬ್ಯಾಡ, ಎರಡು ಸುತ್ತಿನ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಕಟ್ಟಿಸಿ ಅದರಿಂದ ಹಚ್ಚು, ಹಿಂದಿನ ರಟ್ಟು ತೆಗ್ದು ನಡಸಬ್ಯಾಡ, ಮತ್ತ ನಾಬಿನ ಪಕ್ಕದಾಗ ಸಣ್ಣ ಸ್ಕ್ರೂ ಮ್ಯಾಲ ಮೇಣ ತುಂಬಿರ್ತಾರ, ಆ ಸ್ಕ್ರೂಕ್ಕೂ ಕರೆಂಟ್ ಬರ್ತದ, ಮೇಣ ಹಂಗೇ ಇರ್ಲಿ ಅಂದೆ.

"ಅದು ಹೊಲಸು ಅಂತ ತಿಳ್ಕೊಂಡು ಪಾಲಿಶ್ ಮಾಡೋಮುಂದ ಸೂಜಿಲೆ ಕೆರೆದು ತೆಗ್ದೀನಲ್ಲೋ ಮಾರಾಯ" ಅಂದ.

ಮೇಣಬತ್ತಿ ಹಚ್ಚಿ ಒಂದೊಂದು ಹನಿ ಬಿಡು, ಅಲ್ಲೀತನಕ ಪ್ಲಗ್ ಹಾಕಬ್ಯಾಡ ಅಂತ ಹೇಳಿ ಫೋನ್ ಇಟ್ಟೆ.